ಕ್ರೇನ್ ಬೂಮಿನ ಟಿಲ್ಟ್ ಸೆನ್ಸರ್‌ಗೆ ಕೋನ ಹೇಗೆ ಗೊತ್ತಾಗುತ್ತದೆ?

ನೀವು ಕೇಳಿದ್ದು ಎರಡು. ಬೂಮಿನ, ಅಂದರೆ ಕ್ರೇನಿನ ಉದ್ದ ತೋಳಿನ, ಮೇಲಿನ ಅಷ್ಟು ಚಿಕ್ಕ ಡಬ್ಬಿಗೆ ಕೋನ ಹೇಗೆ ತಿಳಿಯುತ್ತದೆ, ಬೂಮ್ ನಿಂತಾಗ ಸರಿಯಿದ್ದ ರೀಡಿಂಗ್ ಓಡಾಡುವಾಗ ಯಾಕೆ ಕುಣಿಯುತ್ತದೆ. ಎರಡಕ್ಕೂ ಕಾರಣ ಒಂದೇ: ಅದು ಅಳೆಯುವುದು ಗುರುತ್ವವನ್ನು, ಕೋನ ಬರುವುದು ಆಮೇಲಿನ ಲೆಕ್ಕದಿಂದ.

ಒಳಗಿನ ಚಿಪ್‌ನಲ್ಲಿ ಸಿಲಿಕಾನಿನಲ್ಲೇ ಕೆತ್ತಿದ ಪುಟ್ಟ ತೂಕವೊಂದಿದೆ. ಸಿಲಿಕಾನಿನದೇ ತೆಳು ಸ್ಪ್ರಿಂಗುಗಳು ಅದನ್ನು ಹಿಡಿದಿರುತ್ತವೆ. ತೂಕದ ಅಂಚಿನಿಂದ ಬಾಚಣಿಗೆಯಂತೆ ಹಲ್ಲುಗಳು ಚಾಚಿಕೊಂಡು, ಕದಲದೆ ನಿಂತ ಇನ್ನೊಂದು ಸಾಲಿನ ಹಲ್ಲುಗಳ ನಡುವೆ ತೂರಿಕೊಂಡಿರುತ್ತವೆ. ಡಬ್ಬಿ ವಾಲಿದರೆ ತೂಕ ತಗ್ಗಿನ ಕಡೆ ಒಂಚೂರು ಜರುಗುತ್ತದೆ, ಒಂದು ಬದಿಯ ಸಂದು ಕಿರಿದಾಗಿ ಕೆಪಾಸಿಟೆನ್ಸ್ (ಹಲ್ಲುಗಳ ನಡುವೆ ವಿದ್ಯುತ್ ಚಾರ್ಜ್ ಹಿಡಿದಿಡುವ ಸಾಮರ್ಥ್ಯ) ಏರುತ್ತದೆ, ಇನ್ನೊಂದು ಬದಿಯಲ್ಲಿ ಇಳಿಯುತ್ತದೆ. ಆ ವ್ಯತ್ಯಾಸವೇ ಸಿಗ್ನಲ್.

ತೂಕ ಜರುಗುವ ದಿಕ್ಕೇ ಸೆನ್ಸರಿನ ಅಕ್ಷ. ಮಟ್ಟವಾಗಿದ್ದಾಗ ಆ ಅಕ್ಷಕ್ಕೆ ಸಿಗುವುದು 0, 30 ಡಿಗ್ರಿಗೆ 0.5 ಜಿ (1 ಜಿ ಅಂದರೆ ಭೂಮಿಯ ಪೂರ್ತಿ ಗುರುತ್ವ), ನೆಟ್ಟಗೆ ನಿಂತರೆ ಪೂರ್ತಿ 1 ಜಿ. ಶಾಲೆಯಲ್ಲಿ ಕಲಿತ ಸೈನ್, ಅಷ್ಟೇ. ಆದರೆ ಇಲ್ಲೊಂದು ಕೊಕ್ಕೆ ಇದೆ. ಮಟ್ಟದ ಹತ್ತಿರ 1 ಡಿಗ್ರಿ ವಾಲಿದರೆ 0.017 ಜಿ ಬದಲಾಗುತ್ತದೆ, 89ರಿಂದ 90ಕ್ಕೆ ಹೋದರೆ ಬರೀ 0.00015 ಜಿ. ಅದಕ್ಕೇ ಬೂಮ್ ಪೂರ್ತಿ ಎತ್ತುವ ಕಡೆ ಒಂದೇ ಅಕ್ಷದ ಸೆನ್ಸರ್ ಸಾಲದು. ಮೊದಲ ಅಕ್ಷಕ್ಕೆ ಲಂಬವಾಗಿ ಇನ್ನೊಂದು ಅಕ್ಷ ಇದ್ದರೆ, ಇದು ಮಂಕಾದ ಕಡೆ ಅದು ಚುರುಕಾಗಿರುತ್ತದೆ, ಎರಡನ್ನೂ ಸೇರಿಸಿ ಆರ್ಕ್‌ಟ್ಯಾನ್‌ನಿಂದ (ಎರಡರ ಅನುಪಾತದಿಂದ ಕೋನ ಹುಡುಕುವ ಲೆಕ್ಕ) ಕೋನ ತೆಗೆಯಬಹುದು.

ಇನ್ನು ಕುಣಿಯುವ ವಿಷಯ. ಬೂಮ್ ಜರ್ರನೆ ಹೊರಟರೂ ಆ ತೂಕ ಜರುಗುತ್ತದೆ, ಅದು ಗುರುತ್ವವೋ ಎಳೆತವೋ ಎಂದು ಚಿಪ್‌ಗೆ ಗೊತ್ತಾಗಲ್ಲ. ಮಟ್ಟದಲ್ಲಿದ್ದಾಗ 0.1 ಜಿ ಅಡ್ಡ ಎಳೆತ ಬಿದ್ದರೆ ಸುಮಾರು 5.7 ಡಿಗ್ರಿ ಸುಳ್ಳು ಕೋನ ಕಾಣುತ್ತದೆ. ಜಾಸ್ತಿ ಜನ ಇದಕ್ಕೆ ಸುಮ್ನೆ ಫಿಲ್ಟರ್ (ರೀಡಿಂಗಿನ ಏರಿಳಿತ ಸವರಿ ಹಾಕುವ ಲೆಕ್ಕ) ಏರಿಸಿಬಿಡುತ್ತಾರೆ. ರೀಡಿಂಗ್ ಶಾಂತವಾಗುತ್ತದೆ ನಿಜ, ಆದರೆ ತಡವಾಗುತ್ತದೆ. ಬೂಮ್ ಇಳಿಯುವಾಗ ರೇಡಿಯಸ್ (ಕ್ರೇನಿನ ನಡುವಿನಿಂದ ಭಾರಕ್ಕಿರುವ ಅಡ್ಡ ದೂರ) ಹೆಚ್ಚಾಗಿ ಎತ್ತಬಹುದಾದ ಭಾರ ಕಮ್ಮಿಯಾಗುತ್ತದಲ್ವಾ, ಆಗಲೇ ಪರದೆಯಲ್ಲಿ ಹಳೆಯ ಕೋನ ಕೂತಿದ್ದರೆ ಅಪಾಯ. ಇಂಥ ಕಡೆ ತಿರುಗುವ ವೇಗವನ್ನೇ ಅಳೆಯುವ ಜೈರೋ ಕೂಡ ಸೇರಿರುವ ಸೆನ್ಸರೇ ಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ, ದುಡ್ಡು ಸ್ವಲ್ಪ ಹೆಚ್ಚಾದರೂ ಸರಿ.

ಒಂದು ವೇಳೆ ಬೂಮ್ ನಿಂತ ಮೇಲೂ ತಪ್ಪು ತೋರಿಸಿದರೆ ಫಿಲ್ಟರ್ ಮುಟ್ಟಬೇಡಿ. ಬೋಲ್ಟ್ ಸಡಿಲವಾಗಿದೆಯೇ, ತಳದಲ್ಲಿ ಪೇಂಟ್ ಗಂಟು ಸಿಕ್ಕಿದೆಯೇ ನೋಡಿ. ಆಮೇಲೆ ಬೂಮನ್ನು ಒಂದೇ ಕೋನದಲ್ಲಿಟ್ಟು ಬೆಳಗ್ಗೆ ಒಮ್ಮೆ, ಮಧ್ಯಾಹ್ನದ ಬಿಸಿಲಲ್ಲಿ ಒಮ್ಮೆ ರೀಡಿಂಗ್ ಬರೆದುಕೊಳ್ಳಿ, ಬಿಸಿಗೆ ಸೆನ್ಸರಿನ ಜೀರೋ (ಸೊನ್ನೆ ಎಂದು ತೋರಿಸುವ ಬಿಂದು) ಜರುಗುತ್ತಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.