ಮ್ಯಾಕ್ರಾಸ್ ನೋಡಲೇ, ರೋಬೋಟೆಕ್ ನೋಡಲೇ?

ಎರಡರಲ್ಲೂ ಅದೇ ಚಿತ್ರಗಳಿರುವಾಗ ಜಪಾನಿನ ಅನಿಮೆ (ಅನಿಮೇಷನ್) ಧಾರಾವಾಹಿ ಮ್ಯಾಕ್ರಾಸ್ ಬಿಟ್ಟು ಅಮೆರಿಕದ ರೋಬೋಟೆಕ್ ಒಂದನ್ನೇ ನೋಡಿದರೆ ಸಾಲದೇ ಎಂದು ಕೇಳಿದ್ದೀರಿ. ಸಾಲದು. ಮೊದಲು ಮ್ಯಾಕ್ರಾಸ್ ನೋಡಿ. ಹಾಗೆಂದು ರೋಬೋಟೆಕ್ ಬರೀ ಕತ್ತರಿ ಕೆಲಸ ಎಂದು ಮೂಗು ಮುರಿಯುವವರ ಮಾತನ್ನೂ ನಾನು ಒಪ್ಪುವುದಿಲ್ಲ.

ರೋಬೋಟೆಕ್ ಹುಟ್ಟಿದ್ದೇ ಕಂತುಗಳ ಲೆಕ್ಕಾಚಾರದಿಂದ. ಜಪಾನಿನಲ್ಲಿ 1982ರ ಅಕ್ಟೋಬರ್‌ನಿಂದ ವಾರಕ್ಕೊಂದರಂತೆ ಪ್ರಸಾರವಾದ ಮ್ಯಾಕ್ರಾಸ್‌ನಲ್ಲಿ ಇದ್ದದ್ದು 36 ಕಂತು. ಅಮೆರಿಕದ ಸ್ಥಳೀಯ ವಾಹಿನಿಗಳು ಇಂಥ ಕಾರ್ಯಕ್ರಮಗಳನ್ನು ಸೋಮವಾರದಿಂದ ಶುಕ್ರವಾರದವರೆಗೆ ದಿನವೂ ಹಾಕುತ್ತಿದ್ದವು. ಹದಿಮೂರು ವಾರ ನಡೆಯಬೇಕೆಂದರೆ 65 ಕಂತಾದರೂ ಬೇಕು. ಮ್ಯಾಕ್ರಾಸ್ ಎಂಟನೆಯ ವಾರಕ್ಕೇ ಮುಗಿದುಹೋಗುತ್ತಿತ್ತು. ಆಗ ಅಮೆರಿಕದ ಹಾರ್ಮನಿ ಗೋಲ್ಡ್ ಸಂಸ್ಥೆಯ ಪರವಾಗಿ ನಿರ್ಮಾಪಕ ಕಾರ್ಲ್ ಮೇಸೆಕ್ ಅದಕ್ಕೆ ಸದರ್ನ್ ಕ್ರಾಸ್ ಮತ್ತು ಮಾಸ್ಪೀಡಾ ಎಂಬ ಜಪಾನಿನ ಇನ್ನೆರಡು ಧಾರಾವಾಹಿಗಳನ್ನು ಸೇರಿಸಿದರು. ಕಥೆಯಲ್ಲಿ ಮೂರಕ್ಕೂ ಯಾವ ನಂಟೂ ಇರಲಿಲ್ಲ. 1985ರಲ್ಲಿ ಅವು ಮೂರು ತಲೆಮಾರುಗಳ ಒಂದೇ ಕಥೆಯಾಗಿ, 85 ಕಂತುಗಳ ರೋಬೋಟೆಕ್ ಆಗಿ ತೆರೆಗೆ ಬಂದವು. ಇದು ನಮಗೆ ಗೊತ್ತಿರುವ ಡಬ್ಬಿಂಗೂ ಅಲ್ಲ, ರಿಮೇಕೂ ಅಲ್ಲ.

ಬೆಸುಗೆ ಹಾಕಿದ ಜಾಗಗಳನ್ನು ನೋಡುವುದೇ ಒಂದು ಸೊಗಸು. ಸದರ್ನ್ ಕ್ರಾಸ್ ನಡೆಯುವುದು ಗ್ಲೋರಿ ಎಂಬ ದೂರದ ಗ್ರಹದಲ್ಲಿ. ರೋಬೋಟೆಕ್ ಅದನ್ನು ಭೂಮಿಗೆ ತಂದಿತು. ಅದರ ನಾಯಕಿ ಜೀನ್ ಇಲ್ಲಿ ಡೇನಾ ಆದಳು, ಮ್ಯಾಕ್ರಾಸ್‌ನ ಮ್ಯಾಕ್ಸ್ ಮತ್ತು ಮಿರಿಯಾ ದಂಪತಿಯ ಮಗಳಾದಳು. ಈ ಸಂಬಂಧವನ್ನು ಪ್ರೇಕ್ಷಕರಿಗೆ ಮನವರಿಕೆ ಮಾಡಲೆಂದೇ ಎರಡೂ ಧಾರಾವಾಹಿಗಳ ದೃಶ್ಯಗಳನ್ನು ಜೋಡಿಸಿ 37ನೆಯ ಕಂತನ್ನು ಹೊಸದಾಗಿ ಕಟ್ಟಿದರು. ಮೂಲ ಮ್ಯಾಕ್ರಾಸ್‌ನಲ್ಲಿ ಪ್ರೋಟೋಕಲ್ಚರ್ ಎಂದರೆ ಅಳಿದುಹೋದ ಒಂದು ಪ್ರಾಚೀನ ನಾಗರಿಕತೆ. ರೋಬೋಟೆಕ್‌ನಲ್ಲಿ ಅದು ಯಂತ್ರಗಳನ್ನು ಓಡಿಸುವ ಶಕ್ತಿಮೂಲ. ಮೂರು ಯುದ್ಧಗಳೂ ಅದಕ್ಕಾಗಿಯೇ ನಡೆಯುತ್ತವೆ. ಬೇರೆ ಬೇರೆ ಕಥೆಗಳ ಶತ್ರುಗಳಿಗೆ ಒಂದೇ ಆಸೆ ಹುಟ್ಟಿಸಿದ ಈ ಉಪಾಯ ಜಾಣತನದ್ದು ಎಂದೇ ನನ್ನ ಎಣಿಕೆ.

ನಷ್ಟವಾದದ್ದು ಸಂಗೀತ. ಮ್ಯಾಕ್ರಾಸ್‌ನಲ್ಲಿ ಹಾಡು ಅಲಂಕಾರಕ್ಕೆ ಬಂದದ್ದಲ್ಲ. ಯುದ್ಧವೊಂದನ್ನು ಬಿಟ್ಟು ಬೇರೇನೂ ಅರಿಯದ, ಬಾಹ್ಯಾಕಾಶದಿಂದ ಬಂದ ದೈತ್ಯ ಸೈನಿಕರನ್ನು ತಬ್ಬಿಬ್ಬುಗೊಳಿಸುವುದೇ ಕಥೆಯ ಗಾಯಕಿ ಲಿನ್ ಮಿನ್ಮೇಯ ದನಿ. 27ನೆಯ ಕಂತಿನಲ್ಲಿ ಭೂಮಿ ಸುಟ್ಟು ಬೂದಿಯಾಗುತ್ತಿರುವಾಗಲೂ ಅವಳು ಹಾಡುತ್ತಾಳೆ. ಆ ಪಾತ್ರಕ್ಕೆ ದನಿ ಕೊಟ್ಟ ಮಾರಿ ಇಜಿಮಾ ಸ್ವತಃ ಗಾಯಕಿ. ರೋಬೋಟೆಕ್‌ನಲ್ಲಿ ಆ ಹಾಡುಗಳನ್ನು ತೆಗೆದು ಬೇರೆ ಇಂಗ್ಲಿಷ್ ಹಾಡುಗಳನ್ನು ಹಾಕಿದರು. ಸಾಲದ್ದಕ್ಕೆ, ಮೂಲದಲ್ಲಿ ಮೌನವಿದ್ದ ಎಷ್ಟೋ ಕಡೆ ನಿರೂಪಕ ಬಂದು ವಿವರಣೆ ಕೊಡುತ್ತಾನೆ. ನನಗೆ ಸಹಿಸಲಾಗದ್ದು ಇದೊಂದೇ.

ಉಳಿಸಿಕೊಂಡದ್ದಕ್ಕೂ ಬೆಲೆ ಕೊಡಬೇಕು. 18ನೆಯ ಕಂತಿನಲ್ಲಿ ಯುದ್ಧವಿಮಾನದ ಪೈಲಟ್ ರಾಯ್ ಫೋಕರ್ ಯುದ್ಧದಿಂದ ಗಾಯಗೊಂಡು ಬಂದರೂ ಯಾರಿಗೂ ಹೇಳದೆ ಪ್ರೇಯಸಿ ಕ್ಲಾಡಿಯಾಳ ಕೋಣೆಗೆ ಹೋಗುತ್ತಾನೆ. ಅವಳು ಅನಾನಸ್ ಸಲಾಡ್ ಮಾಡುತ್ತಿರುತ್ತಾಳೆ. ಇವನು ಗಿಟಾರ್ ನುಡಿಸುತ್ತಾ ಕಾಯುತ್ತಾನೆ, ನುಡಿಸುತ್ತಲೇ ಕುಸಿಯುತ್ತಾನೆ. ಅಮೆರಿಕದಲ್ಲಿ ಮಕ್ಕಳ ಕಾರ್ಯಕ್ರಮವೆಂದರೆ ಸಾವನ್ನು ಮುಚ್ಚಿಡುವುದೇ ವಾಡಿಕೆಯಾಗಿದ್ದ ಕಾಲ ಅದು. 1978ರಲ್ಲಿ ಗಾಚಮನ್ ಧಾರಾವಾಹಿ ಅಲ್ಲಿಗೆ ಬ್ಯಾಟಲ್ ಆಫ್ ದಿ ಪ್ಲಾನೆಟ್ಸ್ ಆಗಿ ಹೋದಾಗ ಹಿಂಸೆಯ ದೃಶ್ಯಗಳನ್ನು ಕತ್ತರಿಸಿ, ತೆರವಾದ ಹೊತ್ತನ್ನು ತುಂಬಲು ಹರಟುವ ರೋಬೋಟ್ ಒಂದನ್ನು ಹೊಸದಾಗಿ ಸೇರಿಸಿದ್ದರು. ರೋಬೋಟೆಕ್ ರಾಯ್‌ನನ್ನು ಸಾಯಲು ಬಿಟ್ಟಿತು. ಮಾಸ್ಪೀಡಾದಲ್ಲಿ ಹೆಣ್ಣುಡುಗೆ ತೊಟ್ಟು ವೇದಿಕೆಯಲ್ಲಿ ಹಾಡುವ ಹೋರಾಟಗಾರನನ್ನೂ ಹಾಗೆಯೇ ಇಟ್ಟುಕೊಂಡಿತು. ಅಲ್ಲಿನ ಒಂದು ಪೀಳಿಗೆಯೇ ಜಪಾನಿನ ಅನಿಮೆಯ ಹಿಂದೆ ಬಿದ್ದದ್ದರಲ್ಲಿ ಈ ಧೈರ್ಯದ ಪಾಲು ದೊಡ್ಡದು.

ಮ್ಯಾಕ್ರಾಸ್ ನೋಡುವಾಗ 27ನೆಯ ಕಂತಿಗೆ ಕಥೆ ಮುಗಿಯಿತೆಂದು ಎದ್ದುಬಿಡಬೇಡಿ. ಪ್ರಸಾರದ ಅವಧಿ ವಿಸ್ತರಣೆಯಾದ್ದರಿಂದ ಬಂದ ಉಳಿದ ಒಂಬತ್ತು ಕಂತುಗಳಲ್ಲಿ ಯುದ್ಧ ಕಳೆದ ಮೇಲಿನ ಬದುಕಿದೆ. ಪೈಲಟ್ ಹಿಕಾರು, ಸೇನಾಧಿಕಾರಿ ಮಿಸಾ, ಗಾಯಕಿ ಮಿನ್ಮೇ ಮೂವರ ನಡುವಿನ ಪ್ರೇಮದ ಗೋಜಲು ಬಿಡಿಸಿಕೊಳ್ಳುವುದೂ ಅಲ್ಲಿಯೇ. ಅದಾದ ಮೇಲೆ ರೋಬೋಟೆಕ್ ಹಿಡಿದರೆ ನೇರವಾಗಿ 37ನೆಯ ಕಂತಿನಿಂದಲೇ ಶುರು ಮಾಡಬಹುದು.