ಮನೆ ಖಾಲಿಯಾಗುತ್ತೆ ಅಂತಷ್ಟೇ ಅನಿಸಿತು

ಅಪಾರ್ಟ್‌ಮೆಂಟ್‌ಗಳನ್ನು ಬಾಡಿಗೆಗೆ ಕೊಡುವ ಲೀಸಿಂಗ್ ಆಫೀಸುಗಳಲ್ಲಿ ಕೆಲಸ ಮಾಡುವವರು ಆಪ್ತಸಲಹೆಗೆ ನನ್ನ ಬಳಿ ಬರುವುದು ಈಚೆಗೆ ಜಾಸ್ತಿಯಾಗಿದೆ. ಹೆಚ್ಚುಕಡಿಮೆ ಎಲ್ಲರದ್ದೂ ಒಂದೇ ಕಥೆ. ಅವರಲ್ಲಿ ಒಬ್ಬರ ಪ್ರಕರಣವನ್ನು ಅವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ವಿವರ ಬದಲಿಸಿ ಇಲ್ಲಿ ಬರೆದಿದ್ದೇನೆ.

ಅವರಿಗೆ ಮೂವತ್ತರ ಆಸುಪಾಸು. ಮನೆ ತೋರಿಸುವುದು, ಅಗ್ರಿಮೆಂಟ್ ಮಾಡಿಸುವುದು, ಬಾಡಿಗೆ ಬಾಕಿ ಕೇಳುವುದು, ರಿಪೇರಿ ದೂರು ಬರೆದುಕೊಳ್ಳುವುದು ಎಲ್ಲ ಅವರ ಕೆಲಸ. ವಾಸವೂ ಅದೇ ಕಟ್ಟಡದಲ್ಲಿ. ಕೆಲಸದ ಜೊತೆಗೆ ಕಡಿಮೆ ಬಾಡಿಗೆಗೆ ಸಿಕ್ಕ ಮನೆ ಅದು. ನಿದ್ದೆ ಬರುತ್ತಿಲ್ಲ, ಬೆಳಗ್ಗೆ ಏಳಲು ಆಗುತ್ತಿಲ್ಲ ಎಂದು ಬಂದಿದ್ದರು. ಕಸ ಹಾಕಲು ಕೆಳಗೆ ಇಳಿಯುವಾಗಲೂ ಕಿವಿಗೆ ಫೋನ್ ಹಿಡಿದು ಯಾರ ಜೊತೆಗೋ ಮಾತಾಡುತ್ತಿರುವ ಹಾಗೆ ನಟಿಸುತ್ತಿದ್ದರಂತೆ. ಇಲ್ಲದಿದ್ದರೆ ಯಾರಾದರೂ ನಿಲ್ಲಿಸಿ ನಲ್ಲಿ ಸೋರುವ ವಿಷಯ ತೆಗೆಯುತ್ತಾರೆ.

ಮೊದಲು ವೈದ್ಯರ ಹತ್ತಿರ ಕಳಿಸಿದೆ. ಥೈರಾಯ್ಡ್, ರಕ್ತಹೀನತೆ, ಖಿನ್ನತೆ ಇದ್ದರೂ ಹೀಗೇ ಸುಸ್ತಾಗುತ್ತದೆ. ಅವನ್ನು ನೋಡದೆ ಎಲ್ಲಕ್ಕೂ ಕೆಲಸದ ಒತ್ತಡವೇ ಕಾರಣ ಅನ್ನುವುದು ತಪ್ಪು. ಅಂಥದ್ದೇನೂ ಇರಲಿಲ್ಲ.

ಮುಂದಿನ ಭೇಟಿಯಲ್ಲಿ, ಎದ್ದು ಹೊರಡುವ ಹೊತ್ತಿಗೆ, ಅವರು ಮತ್ತೆ ಕೂತರು. "ಮೇಡಂ, ಇದನ್ನ ಯಾರಿಗೂ ಹೇಳಿಲ್ಲ" ಅಂದರು.

ವಯಸ್ಸಾದ ಒಬ್ಬ ಬಾಡಿಗೆದಾರರು ಆಫೀಸಿಗೆ ಬಂದಿದ್ದರಂತೆ. ಹೆಂಡತಿ ತೀರಿಕೊಂಡಿದ್ದರು. ಅಷ್ಟು ದೊಡ್ಡ ಮನೆಯಲ್ಲಿ ಒಬ್ಬನೇ ಇರಲಾರೆ, ಖಾಲಿ ಮಾಡುತ್ತೇನೆ ಎಂದು ಹೇಳಲು ಬಂದಿದ್ದರು. "ಅವರಿನ್ನೂ ಮಾತು ಮುಗಿಸಿರಲಿಲ್ಲ. ಅಯ್ಯೋ, ತಿಂಗಳ ಕೊನೆಗೆ ಇನ್ನೊಂದು ಮನೆ ಖಾಲಿಯಾಗುತ್ತೆ ಅಂತಷ್ಟೇ ನನಗೆ ಅನಿಸಿತು. ನೋಟಿಸ್ ಅವಧಿ ನೋಡೋಕೆ ಕಂಪ್ಯೂಟರ್ ಕಡೆ ತಿರುಗಿಬಿಟ್ಟೆ. ಆ ಅಮ್ಮ ನನ್ನನ್ನ ಎಷ್ಟು ಚೆನ್ನಾಗಿ ಮಾತಾಡಿಸ್ತಿದ್ರು ಗೊತ್ತಾ? ನಾನು ಯಾಕೆ ಹೀಗಾದೆ?"

ಅತ್ತರು. ನಾನು ಸಮಾಧಾನ ಹೇಳಲು ಆತುರ ಮಾಡಲಿಲ್ಲ.

ಆಮೇಲೆ ಬರ್ನ್‌ಔಟ್, ಅಂದರೆ ಕೆಲಸದ ಒತ್ತಡದಿಂದ ಬರುವ ಬಳಲಿಕೆಯ ಬಗ್ಗೆ ಹೇಳಿದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದಕ್ಕೆ ಮೂರು ಗುರುತುಗಳನ್ನು ಕೊಟ್ಟಿದೆ. ಶಕ್ತಿಯೆಲ್ಲ ಬತ್ತಿಹೋಗುವುದು ಒಂದು. ಕೆಲಸದಿಂದ ಮನಸ್ಸು ದೂರವಾಗುವುದು, ಅದರ ಬಗ್ಗೆ ಕಹಿ ಹುಟ್ಟುವುದು ಎರಡನೆಯದು. ನನ್ನ ಕೈಲಿ ಏನೂ ಸರಿಯಾಗಿ ಆಗುತ್ತಿಲ್ಲ ಅನಿಸುವುದು ಮೂರನೆಯದು. ಅವರು ನನ್ನ ಬಳಿ ಬಂದದ್ದು ಮೊದಲನೆಯದಕ್ಕೆ. ಆ ದಿನ ಬಾಯಿಬಿಟ್ಟದ್ದು ಎರಡನೆಯದನ್ನು. ಸಂಸ್ಥೆ ಇದನ್ನು ಕಾಯಿಲೆ ಎಂದು ಕರೆದಿಲ್ಲ, ಕೆಲಸದ ಜಾಗದಲ್ಲಿ ಬಹುಕಾಲ ಸರಿಯಾಗಿ ನಿಭಾಯಿಸದೆ ಉಳಿದ ಒತ್ತಡದ ಫಲ ಎಂದಿದೆ. ಈ ಮಾತು ಕೇಳಿ ಅವರು ಸ್ವಲ್ಪ ಹಗುರಾದರು.

ಒಂದು ಹಾಳೆ ಕೊಟ್ಟು ನಡುವೆ ಗೆರೆ ಎಳೆಯಲು ಹೇಳಿದೆ. ಜನ ನಿಮ್ಮ ಮೇಲೆ ಸಿಟ್ಟಾಗುವ ವಿಷಯಗಳಲ್ಲಿ ನೀವೇ ತೀರ್ಮಾನ ಮಾಡಬಹುದಾದವು ಒಂದು ಕಡೆ, ಬೇರೆಯವರು ಮಾಡುವವು ಇನ್ನೊಂದು ಕಡೆ. ಬಾಡಿಗೆ ಏರಿಕೆ ಮಾಲೀಕರದ್ದು. ಡೆಪಾಸಿಟ್‌ನಲ್ಲಿ ಎಷ್ಟು ಹಿಡಿಯಬೇಕು ಅನ್ನುವುದು ಮುಖ್ಯ ಕಚೇರಿಯದ್ದು. ರಿಪೇರಿ ಯಾವತ್ತು ಅನ್ನುವುದು ಮೇಂಟೆನೆನ್ಸ್‌ನವರದ್ದು. ತಡವಾದ ಬಾಡಿಗೆಯ ದಂಡವನ್ನು ಸಾಫ್ಟ್‌ವೇರೇ ಹಾಕುತ್ತದೆ. ಬೇರೆಯವರ ಕಡೆ ತುಂಬಿತು, ಅವರದೇ ಕಡೆ ಬಹುತೇಕ ಖಾಲಿ. ಅವರು ಅದನ್ನೇ ನೋಡುತ್ತಾ, "ಹಾಗಾದ್ರೆ ಬೈಗುಳ ಮಾತ್ರ ನನ್ನದು" ಅಂದರು.

ಈ ಕೆಲಸ ಜನರನ್ನು ಹೇಗೆ ಹಿಂಡುತ್ತದೆ ಅನ್ನುವುದು ಆ ಒಂದು ಮಾತಿನಲ್ಲಿದೆ. ಉತ್ತರ ಕೊಡಬೇಕಾದವರಿಗೆ ಅಧಿಕಾರ ಇಲ್ಲ, ಅಧಿಕಾರ ಇರುವವರು ಕೌಂಟರಿನಲ್ಲಿ ಕೂರುವುದಿಲ್ಲ.

ರಜೆ ಹಾಕಿ, ಧ್ಯಾನ ಮಾಡಿ ಅಂತ ಯಾಕೆ ಹೇಳಲಿಲ್ಲ ಎಂದು ಕೆಲವರು ಕೇಳುತ್ತಾರೆ. ಅವರು ರಜೆ ಹಾಕಿ ಬಂದಿದ್ದರು. ಮರಳಿದ ದಿನವೇ ರಾಶಿ ಬಿದ್ದಿದ್ದ ದೂರುಗಳು ಆ ವಿಶ್ರಾಂತಿಯನ್ನು ನುಂಗಿದವು. ಕೆಲಸ ಬಿಡಿ ಅನ್ನುವುದೂ ಸುಲಭದ ಮಾತಲ್ಲ. ಕೆಲಸ ಹೋದರೆ ಮನೆಯೂ ಹೋಗುತ್ತದೆ. ದಣಿದ ಮನಸ್ಸಿನಲ್ಲಿ ಎರಡನ್ನೂ ಒಟ್ಟಿಗೆ ಕಳೆದುಕೊಳ್ಳುವ ನಿರ್ಧಾರ ಮಾಡಬೇಡಿ ಅಂದೆ. ಅದರಲ್ಲಿ ನನಗೆ ಈಗಲೂ ಅನುಮಾನವಿಲ್ಲ.

ಅದರ ಬದಲು ಮಾತಿನ ರೀತಿಯನ್ನು ಮೊದಲು ಬದಲಿಸಲು ಹೇಳಿದೆ. ಪ್ರತಿ ದೂರಿಗೂ ಅವರು "ನಾನು ನೋಡ್ಕೋತೀನಿ ಸರ್" ಅನ್ನುತ್ತಿದ್ದರು. ತಮ್ಮ ಕೈಲಿಲ್ಲದ ಕೆಲಸವನ್ನು ಹೀಗೆ ತಲೆ ಮೇಲೆ ಹೊತ್ತುಕೊಳ್ಳುತ್ತಿದ್ದರು. ಈಗ ಹೀಗೆ ಹೇಳುತ್ತಾರೆ: "ದೂರು ಮೇಂಟೆನೆನ್ಸ್‌ನವರಿಗೆ ಹೋಗಿದೆ. ಎಲ್ಲಿಗೆ ಬಂತು ಅಂತ ನಾಳೆ ನಾಲ್ಕು ಗಂಟೆಗೆ ನಾನೇ ತಿಳಿಸ್ತೀನಿ." ಹೊಸ ಸುದ್ದಿ ಇಲ್ಲದಿದ್ದರೂ ನಾಲ್ಕಕ್ಕೆ ಫೋನ್ ಮಾಡಲೇಬೇಕು. ಜನ ಪದೇ ಪದೇ ಫೋನ್ ಮಾಡುವುದು ಸುದ್ದಿಯೇ ಇಲ್ಲದ್ದಕ್ಕೆ, ಅಲ್ವಾ?

ಆ ಹಾಳೆಯನ್ನು ಹಿಡಿದುಕೊಂಡು ಮ್ಯಾನೇಜರ್ ಬಳಿ ಹೋಗಲು ಹೇಳಿದೆ. ತುಂಬಾ ಸುಸ್ತು ಅಂತ ಹೇಳಿಕೊಳ್ಳಲು ಹೋಗಬೇಡಿ, ಬೇಕಾದದ್ದನ್ನು ಹೆಸರಿಟ್ಟು ಕೇಳಿ ಅಂದೆ. ರಾತ್ರಿಯ ತುರ್ತು ಫೋನ್ ಸರದಿ ಪ್ರಕಾರ ಎಲ್ಲರಿಗೂ ಹಂಚಬೇಕು. ತುರ್ತು ಅಂದರೆ ಏನು ಅನ್ನುವುದು ಬಾಡಿಗೆದಾರರಿಗೆ ಬರಹದಲ್ಲಿ ಹೋಗಬೇಕು: ನೀರು ನುಗ್ಗುವುದು, ಬೆಂಕಿ, ಲಿಫ್ಟ್‌ನಲ್ಲಿ ಸಿಕ್ಕಿಕೊಳ್ಳುವುದು, ಇಂಥವು ಮಾತ್ರ. ದಿನಕ್ಕೆ ಒಂದು ಗಂಟೆ ಬಾಗಿಲು ಮುಚ್ಚಿ ಕಾಗದಪತ್ರ ಮುಗಿಸಲು ಬಿಡಬೇಕು. ಸಣ್ಣ ದಂಡ ಮನ್ನಾ ಮಾಡುವ ಅಧಿಕಾರ ಕೌಂಟರಿನಲ್ಲೇ ಇರಬೇಕು.

ಫೋನ್ ಸರದಿಗೆ ಮ್ಯಾನೇಜರ್ ಒಪ್ಪಿದರು, ತುರ್ತು ಪಟ್ಟಿಗೂ ಒಪ್ಪಿದರು. ದಂಡ ಮನ್ನಾಕ್ಕೆ ಒಪ್ಪಲಿಲ್ಲ. ತಿಂಗಳ ಕೊನೆಯ ವಾರ ಈಗಲೂ ಕಷ್ಟವೇ. ನಿದ್ದೆ ಬರುತ್ತಿದೆ. ಆ ಹಿರಿಯರು ಮನೆ ಬಿಡುವ ಮುಂಚೆ ಒಂದು ಸಂಜೆ ಹೋಗಿ, ಆಫೀಸಿನ ಮಾತು ಎತ್ತದೆ, ಆ ಅಮ್ಮನ ಬಗ್ಗೆ ಮಾತಾಡಿ ಬಂದರಂತೆ. ಬೇರೆ ಕಡೆ ಮನೆ ಹುಡುಕುತ್ತಿದ್ದಾರೆ, ಕೆಲಸವನ್ನು ಸದ್ಯಕ್ಕೆ ಬಿಟ್ಟಿಲ್ಲ.

ಇಂಥ ಆಫೀಸು ನಡೆಸುವವರು ಇದನ್ನು ಓದುತ್ತಿದ್ದರೆ ದಯವಿಟ್ಟು ಅದೇ ಹಾಳೆಯನ್ನು ನಿಮ್ಮ ಸಿಬ್ಬಂದಿಯ ಜೊತೆ ಕೂತು ಬರೆಯಿರಿ. ಬೇರೆಯವರ ಪಾಲಿನ ಕಡೆ ಇರುವ ಒಂದಾದರೂ ತೀರ್ಮಾನವನ್ನು ಈ ತಿಂಗಳೇ ಅವರ ಕೈಗೆ ಕೊಡಿ.