‘ಕ್ಯಾಪ್ರಿಜೆಂಟ್’ ನಾಡಿ ಅಂದರೆ ಈಗಿನ ಯಾವ ಕಾಯಿಲೆ?

ಹಳೆಯ ಇಂಗ್ಲಿಷ್ ವೈದ್ಯ ನಿಘಂಟಿನಲ್ಲಿ ಈ ಪದ ಸಿಕ್ಕಿತು, ಅಪ್ಪನ ನಾಡಿಯೂ ಹಾಗೇ ಎಗರುತ್ತದೆ ಅಂತ ಬರೆದಿದ್ದೀರಿ. ನಾನೂ ಇದೇ ಪದ ಹಿಡಿದುಕೊಂಡು ಕೂತಿದ್ದವನು. ನಾನು ಹಿಡಿದಿದ್ದು ಅಮ್ಮನ ಕೈ.

ಅಮ್ಮನಿಗೆ ಆಗ ಎಪ್ಪತ್ತು ದಾಟಿತ್ತು, ಬಿಪಿ ಇತ್ತು. ಸಂಜೆ ಹೊತ್ತು ‘ಎದೆ ಹಾರುತ್ತೆ ಕಣೋ’ ಅನ್ನುತ್ತಿದ್ದರು. ಮಣಿಕಟ್ಟು ಮುಟ್ಟಿದರೆ ಒಂದು ಬಡಿತ, ಆಮೇಲೆ ತಡ, ಆಮೇಲೆ ಎರಡು ಒಟ್ಟೊಟ್ಟಿಗೆ. ನನಗೆ ವೈದ್ಯಕೀಯ ಇತಿಹಾಸ ಓದುವ ಹುಚ್ಚು. ಅವೆನ್ಯೂ ರಸ್ತೆಯಲ್ಲಿ ಕೊಂಡಿದ್ದ ನಿಘಂಟಿನಲ್ಲಿ ಈ ಪದ ಕಂಡಿತು. ಲ್ಯಾಟಿನ್‌ನ ‘ಕಾಪ್ರಾ’ ಅಂದರೆ ಮೇಕೆ. ಮೇಕೆಯ ಹಾಗೆ ಕುಣಿಯುವ, ಲಯ ತಪ್ಪಿದ ನಾಡಿ. ಹೆಸರು ಸಿಕ್ಕಿದ ಕೂಡಲೇ ಸಂಗತಿ ಅರ್ಥವಾಯಿತು ಅಂದುಕೊಂಡೆ.

ಡಾಕ್ಟರ್ ಇಸಿಜಿ ಮಾಡಿಸಿ ಅಂದಿದ್ದರು, ಮಾಡಿಸಿದೆವು. ಬೆಳಗಿನ ಹೊತ್ತು ಹೋಗಿದ್ದೆವು, ನಾಡಿ ಸರಿಯಾಗಿಯೇ ಇತ್ತು, ವರದಿಯೂ ನಾರ್ಮಲ್. ಮತ್ತೆ ಎದೆ ಹಾರಿದರೆ ತಕ್ಷಣ ಬನ್ನಿ, ಇಪ್ಪತ್ನಾಲ್ಕು ಗಂಟೆ ದಾಖಲಿಸುವ ಹಾಲ್ಟರ್ ಹಾಕೋಣ ಅಂದರು. ನಾನು ಕರೆದುಕೊಂಡು ಹೋಗಲಿಲ್ಲ. ನಡುವೆ ಒಂದೊಂದು ಹೆಚ್ಚುವರಿ ಬಡಿತ ಬರುವುದು ತುಂಬಾ ಜನರಲ್ಲಿ ಮಾಮೂಲು, ಬಹಳ ಸಲ ಅದರಿಂದ ತೊಂದರೆಯಿಲ್ಲ ಅಂತ ಓದಿದ್ದೆ. ಅದು ನಿಜವೇ. ಆದರೆ ಅಮ್ಮನದು ಅದೇ ಅಂತ ತೀರ್ಮಾನಿಸಿದ್ದು ನನ್ನ ಬೆರಳು. ಹೆಚ್ಚುವರಿ ಬಡಿತವೋ, ಹೃದಯದ ಮೇಲಿನ ಕೋಣೆಗಳು ಸಂಕೋಚಿಸುವ ಬದಲು ಬರೀ ಅದುರುವ ಏಟ್ರಿಯಲ್ ಫಿಬ್ರಿಲೇಶನ್ನೋ ಅಂತ ಬೆರಳು ಖಚಿತವಾಗಿ ಹೇಳಲಾರದು. ಈ ಫಿಬ್ರಿಲೇಶನ್ ಬಂದು ಹೋಗುತ್ತಿರಬಹುದು. ಸಂಜೆ ಇದ್ದದ್ದು ಬೆಳಿಗ್ಗೆ ಇರುವುದಿಲ್ಲ. ಆ ಕ್ಷಣದ ಇಸಿಜಿ ಆ ಕ್ಷಣದ್ದನ್ನಷ್ಟೇ ಹೇಳುತ್ತದೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ನಾರ್ಮಲ್ ಅನ್ನುವ ಕಾಗದವನ್ನು ಫೈಲಿಗೆ ಹಾಕಿ ನಿಘಂಟಿಗೆ ಮರಳಿದೆ.

ಅದುರುವ ಕೋಣೆಯಲ್ಲಿ ರಕ್ತ ಸರಿಯಾಗಿ ಹರಿಯದೆ ನಿಲ್ಲುತ್ತದೆ, ಹೆಪ್ಪುಗಟ್ಟಬಹುದು. ಹೆಪ್ಪು ಮಿದುಳಿಗೆ ಹೋದರೆ ಪಾರ್ಶ್ವವಾಯು. ಈ ಕಾಯಿಲೆ ಇದ್ದವರಿಗೆ ಅದರ ಅಪಾಯ ಸುಮಾರು ಐದು ಪಟ್ಟು. ಅಮ್ಮನಿಗೆ ಆಗಿದ್ದು ಇದೇ. ಬಲಗೈ ಸೋತಿತು, ಮಾತು ಹೋಯಿತು. ಆಸ್ಪತ್ರೆಯ ಮಾನಿಟರ್‌ನಲ್ಲಿ ಫಿಬ್ರಿಲೇಶನ್ ಕಾಣಿಸಿತು. ಈಗ ಮಾತು ಸ್ವಲ್ಪ ಬಂದಿದೆ, ನನ್ನ ಹೆಸರು ಹೇಳುವುದಕ್ಕೇ ತಡಕಾಡುತ್ತಾರೆ. ಮೊದಲೇ ಗೊತ್ತಾಗಿದ್ದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಶುರುವಾಗುತ್ತಿತ್ತು.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕ್ಯಾಪ್ರಿಜೆಂಟ್ ಅನ್ನುವುದು ಯಾವ ಕಾಯಿಲೆಯ ಹೆಸರೂ ಅಲ್ಲ, ಬೆರಳಿಗೆ ಸಿಕ್ಕ ಅನುಭವದ ಹೆಸರು. ಅದೂ ಕಾಲಕಾಲಕ್ಕೆ ಬದಲಾಗಿದೆ. ಕ್ರಿ.ಪೂ. 300ರ ಆಸುಪಾಸಿನಲ್ಲಿ ಅಲೆಕ್ಸಾಂಡ್ರಿಯಾದಲ್ಲಿದ್ದ ಗ್ರೀಕ್ ವೈದ್ಯ ಹೆರೊಫಿಲಸ್, ನೀರಿನ ಗಡಿಯಾರ ಇಟ್ಟು ನಾಡಿ ಎಣಿಸಿದವನು, ಒಂದು ಬಗೆಯ ನಾಡಿಯನ್ನು ‘ಡೋರ್ಕಾಡಿಜಾನ್’ ಅಂದ. ‘ಡೋರ್ಕಾಸ್’ ಅಂದರೆ ಜಿಂಕೆ ಜಾತಿಯ ಗೆಜೆಲ್. ಆಮೇಲೆ ರೋಮ್‌ನಲ್ಲಿದ್ದ ಗ್ರೀಕ್ ವೈದ್ಯ ಗೇಲನ್ ಅದನ್ನು ಬಿಡಿಸಿ ಹೇಳಿದ: ಗೆಜೆಲ್ ಎಗರಿ, ಗಾಳಿಯಲ್ಲೇ ತಡೆದಂತಾಗಿ, ಮತ್ತೆ ಜೋರಾಗಿ ಎಗರುವ ಹಾಗೆ ಒಂದೇ ಬಡಿತದೊಳಗೆ ಎರಡು ನೆಗೆತ. ಅಂದರೆ ಮೂಲದಲ್ಲಿ ಅದು ಒಂದು ಬಡಿತದ ಆಕಾರ. ಪರ್ಷಿಯಾದ ವೈದ್ಯ ಇಬ್ನ್ ಸೀನಾನ ಅರಬ್ಬಿ ಗ್ರಂಥದಲ್ಲೂ ಅದು ಗೆಜೆಲ್ ನಾಡಿಯೇ. ಲ್ಯಾಟಿನ್‌ಗೆ ಬರುವಾಗ ಗೆಜೆಲ್ ಹೋಗಿ ಮೇಕೆ ಬಂತು. ಕೊನೆಗೆ ಇಂಗ್ಲಿಷ್ ನಿಘಂಟುಗಳಲ್ಲಿ ಅದು ಒಟ್ಟಾರೆ ಲಯಗೆಟ್ಟ ನಾಡಿ ಆಯಿತು. ಇಲಿಬಾಲದ ನಾಡಿ, ಇರುವೆ ನಾಡಿ ಅಂತೆಲ್ಲ ಗೇಲನ್ ಹೇಳಿದ್ದಾನೆ, ಓದಲು ಬಹಳ ಚೆನ್ನಾಗಿವೆ. ನಮ್ಮ ಆಯುರ್ವೇದದ ಶಾರ್ಙ್ಗಧರ ಸಂಹಿತೆಯ ಹಾವು, ಕಪ್ಪೆ, ಹಂಸದ ನಡೆಗೆ ಇವನ್ನು ಜೋಡಿಸಬೇಡಿ. ಅಲ್ಲಿ ಪ್ರಾಣಿಗಳು ವಾತ, ಪಿತ್ತ, ಕಫದ ಗುರುತು, ಲೆಕ್ಕವೇ ಬೇರೆ.

ಫಿಬ್ರಿಲೇಶನ್‌ಗೆ ಹತ್ತಿರದ ಹಳೆಯ ಹೆಸರು ಬೇಕೇ ಬೇಕು ಅಂದರೆ ಬೇರೆಯವೇ ಇವೆ. 19ನೇ ಶತಮಾನದ ‘ಡೆಲಿರಿಯಮ್ ಕಾರ್ಡಿಸ್’, ಅಂದರೆ ಹೃದಯಕ್ಕೆ ಹಿಡಿದ ಸನ್ನಿ. 1903ರಲ್ಲಿ ಹೆರಿಂಗ್ ಎಂಬ ವೈದ್ಯ ಕೊಟ್ಟ ‘ಪಲ್ಸಸ್ ಇರೆಗ್ಯುಲಾರಿಸ್ ಪರ್ಪೆಚುವಸ್’, ಸದಾ ಲಯ ತಪ್ಪಿದ ನಾಡಿ. ಅದರ ಹಿಂದಿರುವುದು ಮೇಲಿನ ಕೋಣೆಗಳ ಅದುರುವಿಕೆ ಅಂತ 1909ರಲ್ಲಿ ಲಂಡನ್ನಿನ ವೈದ್ಯ ಥಾಮಸ್ ಲೂಯಿಸ್ ತೋರಿಸಿದ್ದು ಇಸಿಜಿಯಿಂದ. ವಿಯೆನ್ನಾದ ಇಬ್ಬರು ಅದೇ ವರ್ಷ ಅದನ್ನೇ ಕಂಡುಕೊಂಡರು. ಎರಡು ಸಾವಿರ ವರ್ಷ ನಾಡಿ ಹಿಡಿದು ಕೂತ ಘಟಾನುಘಟಿ ವೈದ್ಯರಿಗೇ ಆಗದ್ದು ನಿಮಗೂ ನನಗೂ ಮನೆಯಲ್ಲಿ ಆಗುತ್ತದಾ?

ಅಪ್ಪನನ್ನು ಈ ವಾರವೇ ಹೃದ್ರೋಗ ತಜ್ಞರಿಗೆ ತೋರಿಸಿ. ಎಗರುವುದು ಯಾವ ಹೊತ್ತಿನಲ್ಲಿ, ಎಷ್ಟು ಹೊತ್ತು ಇರುತ್ತದೆ, ಬಿಪಿ ಶುಗರ್ ಇದೆಯಾ ಎಲ್ಲ ಬರೆದುಕೊಂಡು ಹೋಗಿ. ಇಸಿಜಿ ನಾರ್ಮಲ್ ಬಂದರೆ ಎದ್ದು ಬರಬೇಡಿ, ಹಾಲ್ಟರ್ ಬೇಕಾ ಅಂತ ನೀವೇ ಕೇಳಿ. ಅಪ್ಪನ ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ನಾಡಿ ನೋಡುತ್ತಾ ಕೂರಬೇಡಿ, ತಕ್ಷಣ 108ಕ್ಕೆ ಫೋನ್ ಮಾಡಿ.